ನಾವು ಹೋಮ್‌ಲೆಸ್ ಅಲ್ಲ ಅಂದುಕೊಂಡಿದ್ದೆ

ಫೆಬ್ರವರಿಯ ಒಂದು ಗುರುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಅಪಾರ್ಟ್‌ಮೆಂಟಿನ ಅಲಾರಂ ಹೊಡೆದುಕೊಳ್ಳತೊಡಗಿತು. ಮೇಲಿನ ಮಹಡಿಯ ಅಡುಗೆಮನೆಯಲ್ಲಿ ಬೆಂಕಿ. ನಾನು ಮಗನನ್ನು ರಗ್ಗಿನಲ್ಲಿ ಸುತ್ತಿ ಎತ್ತಿಕೊಂಡೆ, ಇವರು ಮಗಳ ಕೈ ಹಿಡಿದರು. ನಾಲ್ಕೂ ಜನ ಬರಿಗಾಲಲ್ಲಿ ಪಾರ್ಕಿಂಗ್ ಜಾಗಕ್ಕೆ ಓಡಿದೆವು. ಬೆಂಕಿ ನಮ್ಮ ಮನೆಯವರೆಗೆ ಬರಲಿಲ್ಲ, ಆದರೆ ನೀರು ಬಂತು. ಸ್ಪ್ರಿಂಕ್ಲರ್ ನೀರು, ಫೈರ್ ಇಂಜಿನ್ ಪೈಪಿನ ನೀರು ಎಲ್ಲಾ ಸೇರಿ ನಮ್ಮ ಹಾಲ್‌ನ ಸೀಲಿಂಗ್ ಕುಸಿದು ಬಿತ್ತು. ಬೆಳಿಗ್ಗೆ ಬಾಗಿಲಿಗೆ ಒಂದು ಕಾಗದ ಅಂಟಿಸಿ, ಇಲ್ಲಿ ಯಾರೂ ವಾಸ ಮಾಡುವ ಹಾಗಿಲ್ಲ ಅಂದರು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರದ ಕಡೆ. ಮಗಳು ಐದನೇ ಕ್ಲಾಸು, ಮಗನಿಗೆ ನಾಲ್ಕು ವರ್ಷ. ಈಗ ಜೂನ್. ಹೊಸ ಮನೆಗೆ ಬಂದಿದ್ದೇವೆ. ಈ ನಾಲ್ಕು ತಿಂಗಳಲ್ಲಿ ನನ್ನ ನಿದ್ದೆ ಜಾಸ್ತಿ ಕೆಡಿಸಿದ್ದು ಮಕ್ಕಳ ಶಾಲೆಯ ವಿಷಯ. ನಮಗೆ ಸಹಾಯ ಇತ್ತು, ಕಾನೂನೇ ಇತ್ತು. ಆದರೆ ಮೂರು ವಾರ ನಮಗೆ ಅದು ಗೊತ್ತಾಗಲಿಲ್ಲ. ಇದೇ ಪರಿಸ್ಥಿತಿಯಲ್ಲಿ ಇರುವ ಇನ್ನೊಬ್ಬ ತಾಯಿಗೆ ಆ ಮೂರು ವಾರ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಹಣದ ವಿಷಯ ಹೇಳಿಬಿಡುತ್ತೇನೆ. ಇವರಿಗೆ ಸಂಬಳ ಬರುತ್ತಿತ್ತು. ಆದರೆ ನವೆಂಬರ್‌ನಲ್ಲಿ ಊರಲ್ಲಿ ಮಾವನಿಗೆ ಬೈಪಾಸ್ ಆಪರೇಷನ್ ಆಗಿ, ಕೈಯಲ್ಲಿದ್ದದ್ದನ್ನೆಲ್ಲ ಹಾಸನಕ್ಕೆ ಕಳಿಸಿದ್ದೆವು. ರೆಂಟರ್ಸ್ ಇನ್ಶೂರೆನ್ಸ್, ಅಂದರೆ ಬಾಡಿಗೆದಾರರ ವಿಮೆ, ಇದ್ದಿದ್ದರೆ ಹೋಟೆಲ್ ಖರ್ಚು ಅವರೇ ಕೊಡುತ್ತಿದ್ದರು. ಕ್ರೆಡಿಟ್ ಕಾರ್ಡ್ ಬದಲಾದಾಗ ಹೊಸ ನಂಬರ್ ಹಾಕಿರಲಿಲ್ಲ, ಪಾಲಿಸಿ ಜನವರಿಯಲ್ಲೇ ನಿಂತುಹೋಗಿತ್ತು. ದಯವಿಟ್ಟು ಇದನ್ನು ಓದಿದ ಕೂಡಲೇ ನಿಮ್ಮ ಪಾಲಿಸಿ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಅಂದು ರಾತ್ರಿ ರೆಡ್ ಕ್ರಾಸ್‌ನವರು ಬಂದು ಹೊದಿಕೆ, ಟೂತ್‌ಪೇಸ್ಟು, ಒಂದಿಷ್ಟು ಹಣ ಕೊಟ್ಟರು. ನಾಲ್ಕು ರಾತ್ರಿ ಹೋಟೆಲ್‌ನಲ್ಲಿ ಇದ್ದೆವು, 472 ಡಾಲರ್ ಆಯಿತು. ಐದನೇ ದಿನ ಇವರ ಹಳೆಯ ಸಹೋದ್ಯೋಗಿ ಬಂದು, 'ಸುಮ್ನೆ ನಮ್ಮನೆಗೆ ಬನ್ನಿ' ಅಂತ ಕರೆದುಕೊಂಡು ಹೋದರು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟು. ಅವರದೂ ನಾಲ್ಕು ಜನರ ಸಂಸಾರ. ಆ ಮನೆಯೊಡತಿ, ನಾನು ಅಕ್ಕ ಅನ್ನುವವರು, ಮಕ್ಕಳ ರೂಮನ್ನು ನಮಗೆ ಬಿಟ್ಟುಕೊಟ್ಟು, ಅವರ ಮಕ್ಕಳಿಗೆ ತಮ್ಮ ಕೋಣೆಯಲ್ಲೇ ಹಾಸಿಗೆ ಹಾಕಿದರು. ಆ ಮನೆಯವರ ಋಣ ದೊಡ್ಡದು.

ನಮ್ಮ ಹಳೆಯ ಅಪಾರ್ಟ್‌ಮೆಂಟಿನವರು ಆರು ವಾರದಲ್ಲಿ ರಿಪೇರಿ ಆಗುತ್ತದೆ ಅಂದಿದ್ದರು. ಆರು ವಾರ ತಾನೆ ಅಂತ ನಾವೂ ಕಾದೆವು.

ಸ್ನೇಹಿತರ ಮನೆ ಮಗಳ ಶಾಲೆಯಿಂದ 24 ಮೈಲಿ. ಬೇರೆ ಊರು, ಬೇರೆ ಸ್ಕೂಲ್ ಡಿಸ್ಟ್ರಿಕ್ಟ್. ಊರಿಂದ ಓದುವವರಿಗಾಗಿ ಹೇಳುತ್ತೇನೆ: ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಈ ಡಿಸ್ಟ್ರಿಕ್ಟ್‌ಗಳು. ಟೆಕ್ಸಾಸ್ ಒಂದರಲ್ಲೇ ಸಾವಿರಕ್ಕೂ ಹೆಚ್ಚಿವೆ. ಇಲ್ಲಿ ಎಲ್ಲರೂ ಐಎಸ್‌ಡಿ ಅನ್ನುತ್ತಾರೆ. ಸಾಮಾನ್ಯವಾಗಿ ನಿಮ್ಮ ಮನೆ ವಿಳಾಸ ಯಾವ ಐಎಸ್‌ಡಿಯ ಗಡಿಯೊಳಗೆ ಇದೆಯೋ ಅಲ್ಲೇ ಮಕ್ಕಳ ಶಾಲೆ. ವಿಳಾಸ ಹೋದರೆ ಶಾಲೆಯೂ ಹೋಗುತ್ತದೆ ಅಂತಲೇ ನಾನು ತಿಳಿದುಕೊಂಡಿದ್ದೆ.

ನಮ್ಮದು ಒಂದೇ ಕಾರು. ಬೆಳಿಗ್ಗೆ ಐದೂವರೆಗೆ ಎದ್ದು ಇವರನ್ನು ಆಫೀಸಿಗೆ ಬಿಟ್ಟು, ಮಗಳನ್ನು ಶಾಲೆಗೆ ಬಿಟ್ಟು, ವಾಪಸ್ಸು ಬಂದು, ಮಧ್ಯಾಹ್ನ ಮತ್ತೆ ಅದೇ ದಾರಿ. ದಿನಕ್ಕೆ ನೂರು ಮೈಲಿಯ ಹತ್ತಿರ. ಮಗ ಕಾರ್ ಸೀಟಿನಲ್ಲೇ ತಿಂಡಿ ತಿಂದು ಅಲ್ಲೇ ನಿದ್ದೆ ಮಾಡುತ್ತಿದ್ದ. ವಾರಕ್ಕೆ ಪೆಟ್ರೋಲ್ 55 ಡಾಲರ್, ಟೋಲ್ ಬೇರೆ. ಟ್ರಾಫಿಕ್ ಸಿಕ್ಕಿದ ದಿನ ಮಗಳು ಲೇಟು. ಎರಡನೇ ವಾರ ಶಾಲೆಯಿಂದ ತಡವಾಗಿ ಬರುವುದರ ಬಗ್ಗೆ ಎಚ್ಚರಿಕೆ ಪತ್ರ ಬಂತು.

ಪ್ರಾಮಾಣಿಕವಾಗಿ ಇರೋಣ ಅಂತ ನಾನು ಶಾಲೆಯ ಆಫೀಸಿಗೆ ಇಮೇಲ್ ಬರೆದೆ. ಮನೆಗೆ ಹೀಗಾಗಿದೆ, ಸದ್ಯಕ್ಕೆ ಇಂಥ ಊರಲ್ಲಿ ಸ್ನೇಹಿತರ ಜೊತೆ ಇದ್ದೇವೆ ಅಂತ. ಉತ್ತರ ಎರಡೇ ಸಾಲು. ನೀವು ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಈಗ ವಾಸವಿಲ್ಲ, ಆದ್ದರಿಂದ ಮಗುವನ್ನು ವಿತ್‌ಡ್ರಾ ಮಾಡಿಸಿ, ಅಂದರೆ ಶಾಲೆಯಿಂದ ಹೆಸರು ತೆಗೆಸಿ, ಫಾರಂ ಜೊತೆಗಿದೆ. ಆ ಫಾರಂ ತೆರೆದು ಫೋನ್ ಹಿಡಿದುಕೊಂಡು ನಾನು ಬಾತ್‌ರೂಮಿನಲ್ಲಿ ಕೂತು ಅತ್ತೆ. ಬೇರೆಯವರ ಮನೆಯಲ್ಲಿ ಅಳೋದಕ್ಕೆ ಅದೊಂದೇ ಜಾಗ.

ಮಾರನೇ ದಿನ ಸ್ನೇಹಿತರ ಮನೆ ಹತ್ತಿರದ ಶಾಲೆಗೆ ಹೋದೆ. ಅಲ್ಲಿ ಕೇಳಿದ್ದು: ನಮ್ಮ ಹೆಸರಿನ ಲೀಸು (ಬಾಡಿಗೆ ಕರಾರು), ಕರೆಂಟ್ ಬಿಲ್ಲು, ಮಗುವಿನ ಬರ್ತ್ ಸರ್ಟಿಫಿಕೇಟು, ಲಸಿಕೆ ದಾಖಲೆ. ಲೀಸು ಇಲ್ಲದಿದ್ದರೆ ಮನೆಯವರಿಂದ ನೋಟರಿ ಮಾಡಿಸಿದ ಅಫಿಡವಿಟ್, ಜೊತೆಗೆ ಅವರ ಲೀಸಿನ ಪ್ರತಿ. ಅವರ ಲೀಸಿನಲ್ಲಿ ಅತಿಥಿಗಳು ಇಷ್ಟೇ ದಿನ ಅಂತ ಷರತ್ತಿತ್ತು. ನಮ್ಮ ಹೆಸರು ಬರೆದುಕೊಟ್ಟು ಅವರಿಗೆ ತೊಂದರೆ ಆದರೆ? ಅಕ್ಕ ಕೊಡುತ್ತೇನೆ ಅಂದರು, ನಾನೇ ಬೇಡ ಅಂದೆ. ನಮ್ಮ ದಾಖಲೆಗಳ ಫೈಲು ಹಾಲ್‌ನ ಕಪಾಟಿನಲ್ಲಿತ್ತು. ಪಾಸ್‌ಪೋರ್ಟ್ ಒದ್ದೆಯಾಗಿ ಉಬ್ಬಿತ್ತು, ಉಳಿದ ಕಾಗದ ಮುದ್ದೆಯಾಗಿತ್ತು. ಹಳೆಯ ಶಾಲೆ ಹೋಗಿ ಅನ್ನುತ್ತದೆ, ಹೊಸದು ಬರಬೇಡಿ ಅನ್ನುತ್ತದೆ. ಮಗಳಿಗೆ ಏನೂ ಹೇಳಿರಲಿಲ್ಲ, ಆದರೂ ಅವಳಿಗೆ ಗೊತ್ತಾಗಿತ್ತು. ಒಂದು ರಾತ್ರಿ 'ಅಮ್ಮ, ನಾನು ಫಿಫ್ತ್ ಗ್ರೇಡ್ ಫೋಟೋದಲ್ಲಿ ಇರ್ತೀನಾ?' ಅಂತ ಕೇಳಿದಳು. ಐದನೇ ಕ್ಲಾಸು ಅಲ್ಲಿ ಪ್ರೈಮರಿ ಶಾಲೆಯ ಕೊನೆಯ ವರ್ಷ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿಯರು.

ದಾರಿ ತೋರಿಸಿದ್ದು ಅವಳ ಕ್ಲಾಸ್ ಟೀಚರ್. ಮಗಳು ಮಧ್ಯಾಹ್ನ ಡೆಸ್ಕಿನ ಮೇಲೆ ನಿದ್ದೆ ಮಾಡುತ್ತಿದ್ದಳಂತೆ, ಶಾಲೆಯ ಕ್ರೋಮ್‌ಬುಕ್ ಲ್ಯಾಪ್‌ಟಾಪ್ ಮೂರು ವಾರದಿಂದ ತಂದಿರಲಿಲ್ಲ. ಅದೂ ನೀರಿನಲ್ಲಿ ಹಾಳಾಗಿತ್ತು. ಟೀಚರ್ ಮೆಲ್ಲಗೆ ವಿಚಾರಿಸಿ, ಶಾಲೆಯ ಕೌನ್ಸೆಲರ್‌ಗೆ ತಿಳಿಸಿದರು. ಕೌನ್ಸೆಲರ್ ನನಗೆ ಫೋನ್ ಮಾಡಿ, ವಿತ್‌ಡ್ರಾ ಫಾರಂ ತುಂಬಬೇಡಿ, ನಿಮ್ಮನ್ನು ನಮ್ಮ ಡಿಸ್ಟ್ರಿಕ್ಟ್‌ನ ಹೋಮ್‌ಲೆಸ್ ಲಿಯೇಜಾನ್ ಜೊತೆ ಮಾತಾಡಿಸುತ್ತೇನೆ ಅಂದರು. ಮನೆ ಕಳೆದುಕೊಂಡ ಮಕ್ಕಳ ಶಾಲೆಯ ವಿಷಯ ನೋಡಿಕೊಳ್ಳುವವರಿಗೆ ಇಲ್ಲಿ ಹಾಗನ್ನುತ್ತಾರೆ.

ಹೋಮ್‌ಲೆಸ್ ಅನ್ನುವ ಮಾತು ಕೇಳಿ ಮೈ ಮುದುಡಿ ಹೋಯಿತು. ಇಲ್ಲ ಇಲ್ಲ, ನಾವು ಹಾಗಲ್ಲ, ಸ್ನೇಹಿತರ ಮನೆಯಲ್ಲಿದ್ದೇವೆ, ನನ್ನ ಗಂಡನಿಗೆ ಕೆಲಸ ಇದೆ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ನನ್ನ ಮನಸ್ಸಿನಲ್ಲಿ ಹೋಮ್‌ಲೆಸ್ ಅಂದರೆ ಸೇತುವೆ ಕೆಳಗೆ ಮಲಗುವವರು. ನಮ್ಮ ಕಡೆ ಮನೆ ಸುಟ್ಟರೆ, ಬಿದ್ದರೆ ನೆಂಟರ ಮನೆಗೆ ಹೋಗುತ್ತೇವೆ, ಅದಕ್ಕೆ ಯಾರೂ ಹೆಸರಿಡುವುದಿಲ್ಲ, ಅಲ್ವಾ? ಆದರೆ ಆ ರಾತ್ರಿ ಇವರು ಕೂತು ಓದಿದರು. ಶಾಲೆಗಳಿಗೆ ಅನ್ವಯಿಸುವ ಕಾನೂನಿನಲ್ಲಿ ಆ ಪದದ ಅರ್ಥ ಬಹಳ ಅಗಲ. ಸ್ಥಿರವಾದ, ಖಾಯಂ ಆದ, ಸಾಕಷ್ಟು ಅನುಕೂಲ ಇರುವ ರಾತ್ರಿ ಮಲಗುವ ಜಾಗ ಇಲ್ಲದ ಮಗು ಅಂತ. ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ಇರುವವರು, ಬೇರೆ ದಾರಿಯಿಲ್ಲದೆ ಮೋಟೆಲ್‌ನಲ್ಲಿ ಇರುವವರು, ಶೆಲ್ಟರ್, ಕಾರು, ಎಲ್ಲರೂ ಅದರಲ್ಲಿ ಬರುತ್ತಾರೆ. ದೇಶದಲ್ಲಿ ಶಾಲೆಗಳು ಹೀಗೆ ಗುರುತಿಸುವ ಮಕ್ಕಳು ವರ್ಷಕ್ಕೆ 10 ಲಕ್ಷಕ್ಕೂ ಜಾಸ್ತಿ, ಅವರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನಮ್ಮ ಹಾಗೆ ಇನ್ನೊಬ್ಬರ ಮನೆಯಲ್ಲಿ ಇರುವವರು. ಬೆಳಿಗ್ಗೆ ಕೌನ್ಸೆಲರ್‌ಗೆ ನಾನೇ ಫೋನ್ ಮಾಡಿದೆ.

ಮೆಕಿನ್ನಿ-ವೆಂಟೊ ಅಂತ ಆ ಕಾಯ್ದೆಯ ಹೆಸರು. ಈ ಹೆಸರು ಬರೆದಿಟ್ಟುಕೊಳ್ಳಿ. ಆಫೀಸಿನಲ್ಲಿ ಇದೊಂದು ಮಾತು ಹೇಳಿದರೆ ಎದುರಿಗಿರುವವರ ಧೋರಣೆ ಬದಲಾಗುತ್ತದೆ. 1987ರಲ್ಲಿ ಬಂದದ್ದು, 2015ರಲ್ಲಿ ಗಟ್ಟಿಮಾಡಿದ್ದಾರೆ. ಇದರ ಪ್ರಕಾರ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಒಬ್ಬರು ಲಿಯೇಜಾನ್ ಇರಲೇಬೇಕು.

ನಮ್ಮ ಲಿಯೇಜಾನ್ ಐವತ್ತು ದಾಟಿದ ಹೆಂಗಸು. ಮಗನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ, ನನ್ನ ಜೊತೆ ಒಂದು ಗಂಟೆ ಮಾತಾಡಿದರು. ಸ್ಟೂಡೆಂಟ್ ರೆಸಿಡೆನ್ಸಿ ಕ್ವೆಶ್ಚನೇರ್ ಅಂತ ಒಂದು ಫಾರಂ ತುಂಬಿಸಿದರು. ರಾತ್ರಿ ಎಲ್ಲಿ ಮಲಗುತ್ತೀರಿ, ಏಕೆ ಅಲ್ಲಿದ್ದೀರಿ, ಇಷ್ಟೇ. ಕೆಳಗೆ, ಸುಳ್ಳು ಮಾಹಿತಿ ಕೊಟ್ಟರೆ ಅಪರಾಧ ಅಂತ ಕಾನೂನಿನ ಕಲಂ ಸಮೇತ ಬರೆದಿತ್ತು. ಅದನ್ನು ನೋಡಿ ನನ್ನ ಕೈ ನಡುಗಿತು. ನೀವು ನಿಜ ಹೇಳುತ್ತಿದ್ದೀರಿ, ಭಯ ಏಕೆ ಅಂದರು ಅವರು. ಅವರು ಲೀಸು ಕೇಳಲಿಲ್ಲ, ಅಫಿಡವಿಟ್ ಕೇಳಲಿಲ್ಲ, ಅಕ್ಕನ ಮನೆ ಮಾಲೀಕರ ವಿಷಯಕ್ಕೇ ಹೋಗಲಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ ವೀಸಾದ್ದು. ಇವರದು ಕೆಲಸದ ವೀಸಾ ಎಚ್-1ಬಿ, ನನ್ನದು ಅವರ ಹೆಂಡತಿ ಅಂತ ಸಿಕ್ಕ ಎಚ್-4. ಇದೆಲ್ಲ ದಾಖಲಾಗಿ ನಾಳೆ ಗ್ರೀನ್ ಕಾರ್ಡಿಗೆ ಅಡ್ಡ ಬಂದರೆ? ಶಾಲೆ ವೀಸಾ ಕೇಳುವುದೇ ಇಲ್ಲ ಅಂದರು. ಮಕ್ಕಳ ವಲಸೆ ಸ್ಥಿತಿ ನೋಡಿ ಶಾಲೆ ನಿರಾಕರಿಸಬಾರದು ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದ ತೀರ್ಪು ಹುಟ್ಟಿದ್ದೇ ಟೆಕ್ಸಾಸ್‌ನ ಟೈಲರ್ ಊರಿನ ಶಾಲೆಗಳಿಂದ. ನಮ್ಮ ಊರಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. ನಾವು ಮನಸ್ಸಿನ ಸಮಾಧಾನಕ್ಕೆ ಇಮಿಗ್ರೇಷನ್ ವಕೀಲರನ್ನೂ ಕೇಳಿದೆವು, ಶಾಲೆ ಮತ್ತು ಶಾಲೆಯ ಊಟದ ಬಗ್ಗೆ ಚಿಂತೆ ಬೇಡ ಅಂದರು. ನಿಯಮಗಳು ಬದಲಾಗುತ್ತಿರುತ್ತವೆ, ನೀವೂ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ.

ಎರಡನೇ ಪ್ರಶ್ನೆ ಸಂಬಳದ್ದು. ಸಂಬಳ ಬರುವವರು ಇದನ್ನು ತಗೊಳ್ಳುವುದು ಸರಿಯಾ? ಇನ್ನೂ ಬಡವರ ಪಾಲನ್ನು ಕಿತ್ತುಕೊಂಡ ಹಾಗಲ್ಲವಾ? ಅವರು, 'ಕಾನೂನು ನಿಮ್ಮ ಸಂಬಳ ಕೇಳುವುದಿಲ್ಲ, ಮಗು ರಾತ್ರಿ ಎಲ್ಲಿ ಮಲಗುತ್ತದೆ ಅಂತ ಕೇಳುತ್ತದೆ' ಅಂದರು. ಆ ಮಾತು ಕೇಳಿ ಎದೆ ಹಗುರಾಯಿತು.

ಮಗಳ ಶಾಲೆಯನ್ನು ಈ ಕಾನೂನು 'ಸ್ಕೂಲ್ ಆಫ್ ಒರಿಜಿನ್' ಅನ್ನುತ್ತದೆ. ಮನೆ ಇದ್ದಾಗ ಮಗು ಓದುತ್ತಿದ್ದ ಶಾಲೆ. ಮನೆ ಇಲ್ಲದಿರುವಷ್ಟು ಕಾಲ ಮಗು ಅಲ್ಲೇ ಓದಬಹುದು. ಮಧ್ಯದಲ್ಲಿ ಮನೆ ಸಿಕ್ಕರೂ ಆ ಶಾಲಾ ವರ್ಷ ಮುಗಿಯುವವರೆಗೆ ಅಲ್ಲೇ ಇರಬಹುದು. ಹೋಗಿಬರಲು ವಾಹನ ಬೇಕು ಅಂತ ಪೋಷಕರು ಕೇಳಿದರೆ ಡಿಸ್ಟ್ರಿಕ್ಟ್ ಒದಗಿಸಬೇಕು. ನಾವು ಎರಡು ಡಿಸ್ಟ್ರಿಕ್ಟ್‌ಗಳ ನಡುವೆ ಇದ್ದುದರಿಂದ ಅವರಿಬ್ಬರೂ ಮಾತಾಡಿಕೊಂಡು ಖರ್ಚು ಹಂಚಿಕೊಳ್ಳಬೇಕಿತ್ತು. ಇದನ್ನು ನಾವು ಬಾಯಿಬಿಟ್ಟು ಕೇಳಬೇಕು. ನಾನು ಬಾಯಲ್ಲಿ ಕೇಳಿದ್ದಲ್ಲದೆ ಇಮೇಲ್‌ನಲ್ಲೂ ಬರೆದೆ. ಏನೇ ಕೇಳಿದರೂ ತಾರೀಖು ಸಮೇತ ಬರಹದಲ್ಲಿ ಇರಲಿ.

ವಾಹನಕ್ಕೆ ಏಳು ಶಾಲಾ ದಿನ ಕಾದೆವು. ಮೂರನೇ ದಿನ ಫೋನ್ ಮಾಡಿದಾಗ ಸಾರಿಗೆ ವಿಭಾಗದವರು ನಿಮ್ಮ ಕಾಗದ ಬಂದಿಲ್ಲ ಅಂದರು, ಲಿಯೇಜಾನ್ ಮತ್ತೆ ಕಳಿಸಿದರು. ಎಂಟನೇ ದಿನ ಬೆಳಿಗ್ಗೆ 6:20ಕ್ಕೆ ಕೆಳಗೆ ಒಂದು ವ್ಯಾನ್ ಬಂದು ನಿಂತಿತು. ಮೇಲೆ ಯಾವ ಬೋರ್ಡೂ ಇರಲಿಲ್ಲ. ಮಗಳು ಬೇರೆ ಮಕ್ಕಳ ಎದುರು ಕುಗ್ಗಬಾರದು ಅಂತ ಹಾಗೆ ಮಾಡುತ್ತಾರಂತೆ. ಶಾಲೆಯಲ್ಲೂ ಟೀಚರ್, ಕೌನ್ಸೆಲರ್ ಬಿಟ್ಟು ಯಾರಿಗೂ ತಿಳಿಸಲಿಲ್ಲ. ಮಗು ಎಲ್ಲಿ ವಾಸವಿದೆ ಅನ್ನುವುದು ಗುಟ್ಟಾಗಿ ಇಡಬೇಕಾದ ದಾಖಲೆ ಅಂತ ಕಾನೂನೇ ಹೇಳುತ್ತದೆ. ನನಗಿದ್ದ ದೊಡ್ಡ ಹೆದರಿಕೆ ನಮ್ಮವರಿಗೆ ಗೊತ್ತಾಗುವುದು. ಯುಗಾದಿ ಕಾರ್ಯಕ್ರಮಕ್ಕೆ ಕನ್ನಡ ಸಂಘಕ್ಕೂ ಈ ಸಲ ಹೋಗಲಿಲ್ಲ. ಅಕ್ಕನ ಮನೆಯಲ್ಲೇ ಬೇವು ಬೆಲ್ಲ ತಿಂದೆವು.

ಊಟದ ಕಡೆ ಏನೂ ಕಷ್ಟ ಆಗಲಿಲ್ಲ. ಲಿಯೇಜಾನ್ ಮಗಳ ಹೆಸರನ್ನು ಪಟ್ಟಿಗೆ ಸೇರಿಸಿದರು, ಶಾಲೆಯ ತಿಂಡಿ ಊಟ ಪುಕ್ಕಟೆ ಆಯಿತು. ಆದಾಯದ ಅರ್ಜಿ ಬೇಕಿಲ್ಲ. ವರ್ಷದ ಕೊನೆಯವರೆಗೆ, ಮುಂದಿನ ವರ್ಷದ ಮೊದಲ 30 ಶಾಲಾ ದಿನದವರೆಗೂ ನಡೆಯುತ್ತದೆ. ಮಾಂಸ ತಿನ್ನದ ಮಗಳಿಗೆ ಬಹುತೇಕ ದಿನ ಚೀಸ್ ಪಿಜ್ಜಾವೇ ಗತಿಯಾಗಿತ್ತು, ಆದರೂ ಬೆಳಿಗ್ಗೆ ಐದಕ್ಕೆ ಇನ್ನೊಬ್ಬರ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವುದು ತಪ್ಪಿತು.

ಕ್ರೋಮ್‌ಬುಕ್ ವಿಷಯ ಹಾಗಲ್ಲ. ಹಾಳಾದದ್ದಕ್ಕೆ 290 ಡಾಲರ್ ಕಟ್ಟಿ, ಕಟ್ಟುವವರೆಗೆ ಹೊಸದು ಕೊಡುವುದಿಲ್ಲ ಅಂತ ಲೈಬ್ರರಿಯಿಂದ ಎರಡು ಸಲ ನೋಟಿಸ್ ಬಂತು. ಬಾಕಿ ಹಣ, ದಂಡ ಇವುಗಳಿಂದ ಇಂಥ ಮಕ್ಕಳ ಓದಿಗೆ ಅಡ್ಡಿ ಆಗಬಾರದು ಅಂತ ಕಾನೂನಿನಲ್ಲಿ ಇದೆ. ಲಿಯೇಜಾನ್‌ಗೆ ನೋಟಿಸ್ ಕಳಿಸಿದ ಮೇಲೆ ಎರಡೇ ದಿನದಲ್ಲಿ ಬೇರೆ ಕ್ರೋಮ್‌ಬುಕ್ ಸಿಕ್ಕಿತು. ನೋಟಿಸ್ ಬಂದರೆ ಕೂಡಲೇ ಕಟ್ಟಿಬಿಡಬೇಡಿ, ಮೊದಲು ಅವರಿಗೆ ತೋರಿಸಿ.

ಇನ್ನು ಮಗನ ವಿಷಯ. ಇದು ನಾನು ಕನಸಿನಲ್ಲೂ ನೆನೆಸದ್ದು. ಟೆಕ್ಸಾಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಉಚಿತ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ) ಇದೆ, ಆದರೆ ಎಲ್ಲರಿಗೂ ಅಲ್ಲ. ಮನೆ ಕಳೆದುಕೊಂಡ ಮಕ್ಕಳು ಅದಕ್ಕೆ ಅರ್ಹರು. ಅವನು ಮೊದಲು ಎಲ್ಲೂ ಶಾಲೆಗೆ ಹೋಗಿರಲಿಲ್ಲ, ಆದ್ದರಿಂದ ಅಕ್ಕನ ಮನೆ ಹತ್ತಿರದ ಶಾಲೆಗೇ ಸೇರಿಸಬಹುದಿತ್ತು. ಅದೇ ಶಾಲೆ, ಅದೇ ಕೌಂಟರು. ಮತ್ತೆ ಬರ್ತ್ ಸರ್ಟಿಫಿಕೇಟ್, ಲಸಿಕೆ ದಾಖಲೆ ಅಂದರು. ಈ ಸಲ ನಾನು ಮೆಕಿನ್ನಿ-ವೆಂಟೊ ಅಂದೆ, ನಿಮ್ಮ ಲಿಯೇಜಾನ್‌ಗೆ ಫೋನ್ ಮಾಡಿ ಅಂದೆ. ಸಂಕೋಚದಿಂದ ಧ್ವನಿ ಸಣ್ಣಗಾಗಿತ್ತು, ಆದರೆ ಕದಲಲಿಲ್ಲ. ಇಪ್ಪತ್ತು ನಿಮಿಷ ಒಳಗೆ ಮಾತಾಡಿ ಬಂದರು. ಕಾಗದ ಇಲ್ಲದಿದ್ದರೂ ಮಗುವನ್ನು ಕೂಡಲೇ ಸೇರಿಸಿಕೊಳ್ಳಬೇಕು, ಕಾಗದ ಆಮೇಲೆ. ಲಸಿಕೆ ದಾಖಲೆ ತರಲು ಇಲ್ಲಿ 30 ದಿನ ಕೊಡುತ್ತಾರೆ, ನಮ್ಮ ಡಾಕ್ಟರ್ ಆಫೀಸಿನವರು ಒಂದೇ ದಿನದಲ್ಲಿ ಕಳಿಸಿದರು. ಬರ್ತ್ ಸರ್ಟಿಫಿಕೇಟಿಗೆ ಇಪ್ಪತ್ತು ಡಾಲರ್ ಚಿಲ್ಲರೆ ಆಯಿತು. ಮಾರನೇ ಬೆಳಿಗ್ಗೆ ಮಗ ಅಕ್ಕನ ಮಗನ ಹಳೇ ಬ್ಯಾಗ್ ಹಾಕಿಕೊಂಡು ಮೊದಲ ಸಲ ಶಾಲೆಗೆ ಹೋದ.

ಒಂದು ಮಾತು, ಮನೆ ಚೆನ್ನಾಗಿ ಇರುವವರಿಗೂ: ಮನೆಯಲ್ಲಿ ಕನ್ನಡ ಮಾತಾಡಿ ಇಂಗ್ಲಿಷ್ ಇನ್ನೂ ಬಾರದ ಮಕ್ಕಳೂ ಇಲ್ಲಿ ಉಚಿತ ಪ್ರೀ-ಕೆಗೆ ಅರ್ಹರು, ಅದಕ್ಕೊಂದು ಸಣ್ಣ ಪರೀಕ್ಷೆ ಇದೆ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ.

ಶಾಲೆ ಒಪ್ಪದಿದ್ದರೆ ಏನು ಮಾಡಬೇಕು ಅಂತಲೂ ಲಿಯೇಜಾನ್ ಹೇಳಿಕೊಟ್ಟಿದ್ದರು. ಏಕೆ ಒಪ್ಪುವುದಿಲ್ಲ ಅಂತ ಬರಹದಲ್ಲಿ ಕೇಳಬೇಕು, ಅವರು ಕೊಡಲೇಬೇಕು. ಅದರ ಮೇಲೆ ಮೇಲ್ಮನವಿ ಹಾಕಬಹುದು, ಅದು ತೀರ್ಮಾನ ಆಗುವವರೆಗೆ ಮಗು ನಾವು ಕೇಳಿದ ಶಾಲೆಯಲ್ಲೇ ಇರುತ್ತದೆ. ಪ್ರತಿ ರಾಜ್ಯದಲ್ಲೂ ಇದಕ್ಕೆ ಒಬ್ಬ ಸಂಯೋಜಕರು ಇರುತ್ತಾರೆ. ಟೆಕ್ಸಾಸ್‌ನಲ್ಲಿ ಅದು ಟೆಕ್ಸಾಸ್ ಎಜುಕೇಷನ್ ಏಜೆನ್ಸಿಯ ಕೈಕೆಳಗೆ.

ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ನನಗೆ ಎರಡು ಸಾಲಿನ ಉತ್ತರ ಬರೆದವರು ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆ ಕಳೆದುಕೊಂಡವರು ಮೊದಲು ಹೋಗುವುದು ಆಫೀಸಿನ ಕೌಂಟರಿಗೆ. ಕಾನೂನು ಅಲ್ಲಿ ಕೂತವರಿಗೆ ಗೊತ್ತಿಲ್ಲದಿದ್ದರೆ ನಮಗೆ ಇದ್ದೂ ಇಲ್ಲದ ಹಾಗೆ. ವಿಳಾಸ ಬದಲಾಯಿತು ಅಂತ ಪೋಷಕರು ಬರೆದರೆ, 'ಏಕೆ ಬದಲಾಯಿತು?' ಅಂತ ಒಂದು ಪ್ರಶ್ನೆ ಕೇಳುವುದನ್ನು ಪ್ರತಿ ಆಫೀಸಿನಲ್ಲೂ ಕಲಿಸಬೇಕು. ಹೋಮ್‌ಲೆಸ್ ಅನ್ನುವ ಪದ ಮೊದಲೇ ಬೇಡ. 'ಮನೆಗೆ ತೊಂದರೆಯಾಗಿ ಬೇರೆಯವರ ಜೊತೆ ಇದ್ದೀರಾ?' ಅಂತ ಕೇಳಿದ್ದರೆ ನಾನು ಮೊದಲ ದಿನವೇ ಹೌದು ಅನ್ನುತ್ತಿದ್ದೆ. ಲಿಯೇಜಾನ್‌ಗಳ ಕೈಯಲ್ಲೂ ಹಣವಿಲ್ಲ, ಬಿಡುವೂ ಇಲ್ಲ. ನಮ್ಮ ಲಿಯೇಜಾನ್ ಇದರ ಜೊತೆ ಬೇರೆ ಎರಡು ಕೆಲಸ ನೋಡಿಕೊಳ್ಳುತ್ತಿದ್ದರು. ಈ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2024ರಲ್ಲಿ ಕೊಟ್ಟದ್ದು 129 ಮಿಲಿಯನ್ ಡಾಲರ್, ಲೆಕ್ಕ ಹಾಕಿದರೆ ಒಂದು ಮಗುವಿಗೆ ವರ್ಷಕ್ಕೆ ನೂರು ಡಾಲರ್ ಆಸುಪಾಸು. ಆ ಹಣವೂ ಎಲ್ಲ ಡಿಸ್ಟ್ರಿಕ್ಟ್‌ಗಳಿಗೆ ಸಿಗುವುದಿಲ್ಲ, ಆದರೆ ಕಾನೂನು ಎಲ್ಲರೂ ಪಾಲಿಸಬೇಕು.

ಆರು ವಾರದ ರಿಪೇರಿ ಹತ್ತು ವಾರ ಆಯಿತು. ಕೊನೆಗೆ ನಮ್ಮ ಹಳೆಯ ಲೀಸು ರದ್ದುಮಾಡಿ ಡೆಪಾಸಿಟ್ ವಾಪಸ್ಸು ಕೊಟ್ಟರು. ಅದರ ಮೇಲೆ ಎರಡು ತಿಂಗಳ ಸಂಬಳದಲ್ಲಿ ಉಳಿದದ್ದು ಸೇರಿಸಿ ಮೇ ಮಧ್ಯದಲ್ಲಿ ಈ ಮನೆ ಹಿಡಿದೆವು. ಬಾಡಿಗೆ ಕಡಿಮೆ ಇದೆ ಅಂತ ಇನ್ನೊಂದು ಊರಿಗೆ ಬಂದೆವು, ಮೂರನೇ ಡಿಸ್ಟ್ರಿಕ್ಟು. ಲೀಸಿಗೆ ಸಹಿ ಹಾಕಿದ ದಿನವೇ ನಾನು ಲಿಯೇಜಾನ್‌ಗೆ ಬರೆದೆ, ಮತ್ತೆ ಅದೇ ಭಯದಿಂದ. ಮಗಳು ವರ್ಷ ಮುಗಿಸಲಿ, ವ್ಯಾನ್ ಹೊಸ ವಿಳಾಸಕ್ಕೆ ಬರುತ್ತದೆ ಅಂತ ಉತ್ತರ ಬಂತು.

ಮೇ ಕೊನೆಯ ವಾರ ಅವಳ ಐದನೇ ಕ್ಲಾಸಿನ ಬೀಳ್ಕೊಡುಗೆ. ಫೋಟೋದಲ್ಲಿ ಎರಡನೇ ಸಾಲಿನಲ್ಲಿ ಇದ್ದಾಳೆ, ಗೆಳತಿಯ ಹೆಗಲ ಮೇಲೆ ಕೈ. ಅಕ್ಕ ಕೊಟ್ಟ ಹಳದಿ ಫ್ರಾಕು. ವ್ಯಾನ್ ಓಡಿಸುತ್ತಿದ್ದ ಹಿರಿಯರಿಗೆ ಕೊನೆಯ ದಿನ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟೆ. ಹೊಸ ಅಡುಗೆಮನೆಯಲ್ಲಿ ನಾನು ಮಾಡಿದ ಮೊದಲ ಸಿಹಿ ಅದು.